ಮೂರನೇ ಸಲ ಕೇಳಬೇಕಿತ್ತು ಅವನು...

ಪ್ರವಾಸಿಗರ ಮಿನಿಬಸ್ಸಿನ ಬಾಗಿಲು ತೆರೆದ ಡ್ರೈವರ್ ಡರ್ವ್ಲಾಳ ಕೈ ಅಲ್ಲೇ ನಿಂತುಬಿಟ್ಟಿತು.

ಅವನು!

ಫಿಂಟನ್! ಅದೇ ಕೆಂಚು ಗಡ್ಡ, ಬಿಸಿಲಿಗೆ ಕಿರಿದಾಗುವ ಅದೇ ಕಣ್ಣು. ಹೋದ ಬೇಸಿಗೆಯಲ್ಲಿ ಹ್ಯಾಂಬರ್ಗ್‌ನಿಂದ ಬಂದು, ನೋನಿ ದೊಡ್ಡಮ್ಮನ ಹೊಲದ ಕಲ್ಲುಗೋಡೆ ಕಟ್ಟಿ, ಇವಳ ಎದೆ ಕೆಡವಿ ಹೋದವನು.

"ಊರು ನೋಡೋಕೆ ಬಂದೆ. ಸಂಜೆ ವಾಪಸ್," ಎಂದ.

'ಊರು ನೋಡೋಕಂತೆ... ನನ್ನನ್ನಲ್ಲ!'

"ಹಿಂದೆ ಜಾಗ ಇದೆ, ಸಾರ್."

"ಸಾರ್ ಅಂತೆ!" ನಕ್ಕವನು ಮುಂದಿನ ಸೀಟಿನಲ್ಲೇ ಕೂತ.

ಒಂದು ಕಡೆ ಬೆಳ್ಳಿಯಂತೆ ಹೊಳೆಯುವ ಕಡಲು, ಇನ್ನೊಂದು ಕಡೆ ಬೂದು ಬಂಡೆ. ಬಂಡೆಯ ಬಿರುಕು ಬಿರುಕಿನಲ್ಲೂ ಕಡುನೀಲಿ ಹೂ! ಎದುರಿಗೆ ಟ್ರ್ಯಾಕ್ಟರ್ ಬಂತು. ಆ ಕಿರಿದಾರಿಯಲ್ಲಿ ಡರ್ವ್ಲಾ ಬಸ್ಸನ್ನು ತಿರುವಿನವರೆಗೂ ಸರಾಗವಾಗಿ ಹಿಂದಕ್ಕೆ ತಂದಳು. ಇಲ್ಲಿನವರ ನಮಸ್ಕಾರದಂತೆ ರೈತ ಸ್ಟೀರಿಂಗ್‌ನಿಂದ ಒಂದೇ ಬೆರಳೆತ್ತಿದ, ಇವಳೂ ಎತ್ತಿದಳು. ಬಸ್ಸಿನಲ್ಲಿ ಚಪ್ಪಾಳೆ!

ಎಲ್ಲರೂ ಕಡಲು ನೋಡುತ್ತಿದ್ದರು. ಫಿಂಟನ್ ಮಾತ್ರ ಅವಳನ್ನೇ ನೋಡುತ್ತಿದ್ದ.

ಹೋದ ಆಗಸ್ಟ್‌ನಲ್ಲಿ ಅವನು ಕೇಳಿದ್ದ... "ನಾನು ಇಲ್ಲೇ ಇದ್ಬಿಡ್ಲಾ?"

"ಅಯ್ಯೋ, ಬೇಡಪ್ಪ," ಅಂದಿದ್ದಳು. ಮತ್ತೇನು? ಈ ಊರಲ್ಲಿ ಒಂದು ಕಪ್ ಟೀಯನ್ನಾದರೂ ಮೊದಲ ಸಲಕ್ಕೆ ಯಾರು ಒಪ್ಪುತ್ತಾರೆ? ಎರಡು ಸಲ ಬೇಡ ಅಂದು ಮೂರನೇ ಸಲಕ್ಕೆ ಕಪ್ ಹಿಡಿಯಬೇಕು! ಅವನು ಇನ್ನೊಮ್ಮೆ ಕೇಳುತ್ತಾನೆಂದು ಕಾದಳು. ಅವನು ಮರುದಿನವೇ ಹೊರಟುಹೋದ.

ಮಧ್ಯಾಹ್ನ ಬಸ್ಸು ನೋನಿ ದೊಡ್ಡಮ್ಮನ ಟೀ ಅಂಗಡಿಯ ಮುಂದೆ ನಿಂತಿತು.

"ಟೀ ಕುಡೀತೀಯೇನೋ?"

"ಬೇಡ ದೊಡ್ಡಮ್ಮ," ಎಂದ ಫಿಂಟನ್.

"ಅರ್ಧ ಕಪ್?"

"ಅಯ್ಯೋ, ನಿಮ್ಗ್ಯಾಕೆ ತೊಂದ್ರೆ..."

"ಸ್ಕೋನ್ ಬನ್ ಬಿಸಿಬಿಸಿ ಇದೆ ಕಣೋ!"

"ಹಾಗಾದ್ರೆ... ಒಂಚೂರು."

ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಯಾರೋ ಕಲಿಸಿದ್ದು ನಿಂಗೆ? ಹೋದ್ವರ್ಷ ಪಾದ್ರಿಗಳು ಒಂದ್ಸಲ ಬೇಡ ಅಂದಿದ್ದಕ್ಕೆ ನೀನು ಕೆಟಲ್ಲೇ ಎತ್ತಿಟ್ಟಿದ್ದೆ! ಪಾಪ, ಒಣಗಿದ ಬಾಯಲ್ಲೇ ಹೋದ್ರು!"

ಡರ್ವ್ಲಾ ಕೈಯಲ್ಲಿದ್ದ ಕಪ್ ಕೆಳಗಿಟ್ಟಳು. 'ಹಾಗಾದರೆ... ನನ್ನ ಬೇಡವನ್ನೂ ಹಾಗೇ ನಂಬಿಬಿಟ್ಟಿದ್ದನಾ?'

ಹೊರಗೆ ಓಡಿದಳು. ಅವನೂ ಹಿಂದೆಯೇ ಬಂದ. ಎದುರಿಗೆ ಅವನೇ ಕಟ್ಟಿದ ಗೋಡೆ. ಗಾರೆಯಿಲ್ಲ, ಸಿಮೆಂಟಿಲ್ಲ. ಚಳಿಗಾಲದ ಬಿರುಗಾಳಿಗಳೆಲ್ಲ ಹಾದುಹೋದರೂ ಒಂದು ಕಲ್ಲೂ ಕದಲಿರಲಿಲ್ಲ. ಎಂಥ ಕೈ ಇವನದು!

"ನಮ್ಮಮ್ಮ ಈ ಕಡೆಯವಳೇ ಅಲ್ವಾ," ಎಂದ ಮೆಲ್ಲಗೆ. "ಮೊನ್ನೆ ಅವಳಿಗೆ ಎಲ್ಲಾ ಹೇಳ್ದೆ. 'ಒಂದೇ ಸಲ ಕೇಳಿ ಬಂದ್ಯಾ, ಗೂಬೆ!' ಅಂತ ಬೈದ್ಲು. ನಿನ್ನ ಬೇಡ ನಿಜವಾಗ್ಲೂ ಬೇಡಾನೇ ಆಗಿದ್ರೆ... ಸಂಜೆ ಹೋಗ್ತೀನಿ."

ಉಸಿರು ಎಳೆದುಕೊಂಡ.

"ಡರ್ವ್ಲಾ, ನಾನು ಇಲ್ಲೇ ಇದ್ಬಿಡ್ಲಾ?"

"ಅಯ್ಯೋ, ಬೇಡ..."

ಹಾಳು ಅಭ್ಯಾಸ! ಬಾಯಿ ಮುಚ್ಚಿಕೊಂಡಳು.

ಅವನ ಕಣ್ಣು ನಕ್ಕಿತು. "ಸರಿ, ಎರಡನೇ ಸಲ ಕೇಳ್ತೀನಿ..."

"ಹೋಗ್ಬೇಡ!" ಅವನ ಕೋಟು ಹಿಡಿದುಕೊಂಡು ಅತ್ತೇಬಿಟ್ಟಳು. "ಇಲ್ಲೇ ಇದ್ಬಿಡು ಕಣೋ!"

"ನಾನಿನ್ನೂ ಕೇಳೇ ಇಲ್ವಲ್ಲೇ!"

"ಒಂದು ವರ್ಷ ಕಾದಿದೀನಿ... ಇನ್ನು ಆಗಲ್ಲ!"

ಕಿಟಕಿಯಿಂದ ದೊಡ್ಡಮ್ಮನ ತಲೆ ಹೊರಬಂತು. "ಇನ್ನೊಂದೊಂದು ಕಪ್ ಟೀ?"

"ಹೂಂ!" ಇಬ್ಬರೂ ಒಟ್ಟಿಗೆ ಕೂಗಿದರು.

"ಕೇಳಿದ ತಕ್ಷಣ ಹೂಂ ಅಂತಾರಲ್ಲಪ್ಪ... ಮರ್ಯಾದೆ ಬಿಟ್ಟೋರು!"

ಡರ್ವ್ಲಾ ಅವನ ಎದೆಯಲ್ಲಿ ಮುಖ ಮುಚ್ಚಿಕೊಂಡು ಕೇಳಿದಳು, "ದಿನಾ ಹೀಗೇ ಕೇಳ್ತೀಯಾ?"

"ದಿನಾ... ಮೂರ್ಮೂರು ಸಲ."