ರಾತ್ನಿಯ ಬದಲು ಹಾರುವವಳು

ಅವನಿಗೆ ಕನ್ನಡ ಬರುತ್ತದೆ ಎಂದು ಯಾರಾದರೂ ಒಬ್ಬರು ನನಗೆ ಮೊದಲೇ ಹೇಳಬಾರದಿತ್ತೇ?

ನಾಲ್ಕು ದಿನ ಅವನನ್ನು ಬಾಯಿಗೆ ಬಂದಂತೆ ಬೈದಿದ್ದೆ. ಅವನ ಎದುರಿಗೇ, ನಗುನಗುತ್ತಾ, ಮೈಸೂರಿನ ನನ್ನಮ್ಮ ರಮಾಮಣಿ ಕಲಿಸಿದ ಶುದ್ಧ ಕನ್ನಡದಲ್ಲಿ. ಅವನ ಎದೆಯ ಮೇಲಿನ ಟೇಪಿನಲ್ಲಿ ಇಂಗ್ಲಿಷಿನ ಮೂರೇ ಅಕ್ಷರಗಳ ಹೆಸರಿತ್ತು. ನಮ್ಮ ಇಂಡೋನೇಷ್ಯಾ ಕ್ರೂನಲ್ಲಿ ಅದೇ ಹೆಸರಿನವರು ಆಗಲೇ ಇಬ್ಬರಿದ್ದರು. ಇವನು ಮೂರನೆಯವನು ಎಂದುಕೊಂಡೆ. ಅವರ ಜೊತೆ ಕೂತು ಅನ್ನಕ್ಕೆ ಅವರ ಖಾರದ ಚಟ್ನಿ ಸಂಬಾಲ್ ಕಲಸಿಕೊಂಡು ಹೊಡೆಯುವವನನ್ನು ನೋಡಿ ಬೇರೇನು ತಿಳಿಯಲಿ?

ನನ್ನ ಕೆಲಸ ಬೀಳುವುದು. ಸಿನಿಮಾದಲ್ಲಿ ಹೀರೋಯಿನ್ ಎಲ್ಲಿಂದಾದರೂ ಬೀಳಬೇಕಾದಾಗ ಅವಳ ಬಟ್ಟೆ ಹಾಕಿಕೊಂಡು ಬೀಳುವವಳು ಕೀರ್ತಿ, ಅಂದರೆ ನಾನು. ಆ ಸಿನಿಮಾ ಅರ್ಧ ಜಕಾರ್ತಾದಲ್ಲಿ ಮುಗಿದಿತ್ತು, ಉಳಿದರ್ಧ ಇಲ್ಲಿ ನ್ಯೂಜೆರ್ಸಿಯಲ್ಲಿ, ಕ್ರ್ಯಾನ್‌ಬರಿಯ ಖಾಲಿ ವೇರ್‌ಹೌಸಿನಲ್ಲಿ ನಡೆಯುತ್ತಿತ್ತು. ರಾತ್ನಿ ಎಂಬ ಹತ್ತೊಂಬತ್ತರ ಹುಡುಗಿಯ ಕಥೆ. ಒಬ್ಬ ಮುದುಕ ಅವಳನ್ನು ಸಾಕಿ, ಕೊಲ್ಲುವುದನ್ನು ಕಲಿಸಿರುತ್ತಾನೆ. ಅವನು ತೋರಿಸಿದವರನ್ನೆಲ್ಲ ಮುಗಿಸುತ್ತಾ ಬಂದ ಹುಡುಗಿ ನ್ಯೂಜೆರ್ಸಿಗೆ ಬಂದಾಗ ಮೊದಲ ಸಲ ಕೇಳುತ್ತಾಳೆ, ಇವನನ್ನು ಯಾಕೆ ಎಂದು. ಮುಖ ಜಕಾರ್ತಾದ ನಟಿಯದು, ಬೆನ್ನು ನನ್ನದು. ನನ್ನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಮಾತ್ರ ಈ ಮೂರನೆಯವನ ಕೈಯಲ್ಲಿ.

"ಎಳಿ ಅಂದ್ರೆ ನಿದ್ದೆ ಹೊಡೀತಾನೆ ಕತ್ತೆ," ಎನ್ನುತ್ತಿದ್ದೆ. "ಮೂತಿ ನೋಡು, ಆರಿಹೋದ ಮುದ್ದೆ ತರ." ಮೂರನೇ ದಿನ ಬುದ್ಧಿ ಕೆಟ್ಟು ಇನ್ನೊಂದು ಮಾತು ಸೇರಿಸಿದ್ದೆ, "ಆದ್ರೂ ನಗು ಮಾತ್ರ ಚೆನ್ನಾಗಿದೆ ಮುಂಡೇದಕ್ಕೆ."

ನಾಲ್ಕನೇ ದಿನ ಅವನು ನನ್ನ ಬೆಲ್ಟಿನ ಬಕಲ್ ಬಿಗಿಮಾಡುತ್ತಾ, ತಲೆ ಎತ್ತದೆ, ತಣ್ಣಗೆ ಹೇಳಿದ.

"ಮುದ್ದಿ ಅಲ್ರೀ. ನಾವು ಗದಗಿನವ್ರು, ರೊಟ್ಟಿ ತಿನ್ನೋ ಮಂದಿ. ಬೈಯೂದಿದ್ರ ರೊಟ್ಟಿ ಮೂತಿ ಅನ್ರಿ."

ಅಯ್ಯೋ ದೇವರೇ! ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನಿಮ್... ನಿಮ್ಮ ಹೆಸರೇನು?"

"ಅಡಿವೆಪ್ಪ. ಅಜ್ಜನ ಹೆಸರ್ರೀ. ಇಲ್ಲಿ ಮಂದಿ ಬಾಯಾಗ ಪೂರ್ತಿ ಹಿಡಿಯಂಗಿಲ್ಲ, ಅದಕ್ಕ ಎ-ಡಿ-ಐ ಅಷ್ಟ ಬರಕೊಂಡೀನಿ."

"ನಾಲ್ಕು ದಿನ ಯಾಕೆ ಸುಮ್ನಿದ್ರಿ?"

"ಛಲೋ ಇತ್ರೀ ಕೇಳಾಕ." ಆಗ ತಲೆ ಎತ್ತಿದ. "ಮೂರನೇ ದಿನದ್ದಂತೂ ಭಾಳ ಛಲೋ ಇತ್ತು."

ಕಣ್ಣು ನಗುತ್ತಿತ್ತು, ತುಟಿ ಗಂಭೀರವಾಗಿತ್ತು. ನನ್ನ ಕಿವಿ ಬಿಸಿಯಾಯಿತು. ನಾಚಿಕೊಳ್ಳುವ ಜಾಯಮಾನ ನನ್ನದಲ್ಲ. ಅದಕ್ಕೇ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಮಾರನೆಯ ದಿನದಿಂದ ಊಟದ ಹೊತ್ತಿಗೆ ಲೋಡಿಂಗ್ ಡಾಕಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವವರು ನಾವಿಬ್ಬರು. ಅವನು ಕ್ರೇನ್ ಕಂಪನಿಯ ಇಂಜಿನಿಯರ್, ಸಿನಿಮಾದವರಿಗೆ ಹಗ್ಗ ಕಟ್ಟಲು ಬಂದಿದ್ದ. ಸೀಕಾಕಸ್‌ನ ಅಪಾರ್ಟ್‌ಮೆಂಟಿನಲ್ಲಿ ತಾನೇ ತಟ್ಟಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದ. ನಾನು ವುಡ್‌ಬ್ರಿಡ್ಜ್‌ನ ಮನೆಯಿಂದ ಅಮ್ಮನ ಬಿಸಿಬೇಳೆ ಬಾತ್ ತರುತ್ತಿದ್ದೆ. ಡಬ್ಬಿ ಅದಲುಬದಲಾಗಲು ಎರಡು ದಿನ ಸಾಕಾಯಿತು. ರೊಟ್ಟಿ ಮುರಿಯುವಾಗ ಅವನು ನನ್ನತ್ತ ಒಂದು ಸಲ ನೋಡಿ, ಸಿಕ್ಕಿಬಿದ್ದು, ಟರ್ನ್‌ಪೈಕ್ ಹೆದ್ದಾರಿಯ ಲಾರಿಗಳ ಕಡೆ ಮುಖ ತಿರುಗಿಸುತ್ತಿದ್ದ. ನಾನು ಹಾಗಲ್ಲ, ನೋಡಬೇಕೆನಿಸಿದರೆ ನೋಡುತ್ತಲೇ ಇದ್ದೆ.

ಅವನ ಕೆಲಸಕ್ಕೊಂದು ಕ್ರಮವಿತ್ತು. ಪ್ರತಿ ಸಲ ನಾನು ಹಾರುವ ಮುಂಚೆ ನನ್ನಷ್ಟೇ ತೂಕದ ಮರಳಿನ ಮೂಟೆಯನ್ನು ಅದೇ ಹಗ್ಗಕ್ಕೆ ಕಟ್ಟಿ, ಅದೇ ಜಾಗದಿಂದ ಮೂರು ಸಲ ಬೀಳಿಸುತ್ತಿದ್ದ. ಮೂರಕ್ಕೆ ಒಂದೂ ಕಡಿಮೆ ಇಲ್ಲ.

"ನಿಮ್ಮ ತೂಕ ಎಷ್ಟ್ರೀ?"

"ಹುಡುಗೀರ ಹತ್ರ ಹಾಗೆ ಕೇಳ್ತಾರಾ?"

"ನಾ ಅಲ್ರೀ, ಮೂಟೆ ಕೇಳಾಕತ್ತೈತಿ."

"ಒನ್ ಟ್ವೆಂಟಿ ಎಯ್ಟ್ ಪೌಂಡ್ಸ್."

ಅವನು ಇನ್ನೆರಡು ಪೌಂಡ್ ಮರಳು ಸುರಿದ. "ನಿನ್ನೆ ನನ್ನ ರೊಟ್ಟಿ ಮೂರು ತಿಂದೀರಿ."

ನಮ್ಮ ಕೆಲಸದಲ್ಲಿ ಇನ್ನೊಂದು ಕಟ್ಟಳೆಯೂ ಇದೆ. ಕೊನೆಯ ಗಳಿಗೆಯಲ್ಲಿ ಬೇಡ ಎನ್ನುವ ಹಕ್ಕು ಹಾರುವವರದು. ಕಾರಣ ಕೊಡಬೇಕಿಲ್ಲ. ನಾನು ಆ ಹಕ್ಕನ್ನು ಒಂದು ಸಲವೂ ಬಳಸಿರಲಿಲ್ಲ, ಅದಕ್ಕೆ ಕಾರಣ ಗುರು ಹಾರ್ತೋನೋ.

ಸಿನಿಮಾದ ಹೊಡೆದಾಟವನ್ನೆಲ್ಲ ಸಂಯೋಜಿಸುತ್ತಿದ್ದವರು ಅವರು. ನನಗೆ ಒಂಬತ್ತು ವರ್ಷವಾಗಿದ್ದಾಗಿನಿಂದ, ಹದಿನೆಂಟು ವರ್ಷ, ಅವರ ಇಂಡೋನೇಷ್ಯಾದ ಸಿಲಾಟ್ ಎಂಬ ಕಾದಾಟದ ವಿದ್ಯೆಯನ್ನು ನನಗೆ ಕಲಿಸಿದವರು. ಅವರಲ್ಲೂ ಕಲಿಸುವವರನ್ನು ಗುರು ಎಂದೇ ಕರೆಯುತ್ತಾರೆ, ಅದನ್ನು ಕೇಳಿಯೇ ಅಮ್ಮ ಮೊದಲ ದಿನವೇ ಒಪ್ಪಿಬಿಟ್ಟಿದ್ದಳು. ಅಪ್ಪ ತೀರಿಕೊಂಡ ವಾರ ದಿನವೂ ಬೆಳಿಗ್ಗೆ ಬಂದು ನಮ್ಮ ಡ್ರೈವ್‌ವೇಯ ಹಿಮ ತೆಗೆದು, ಬಾಗಿಲು ತಟ್ಟದೆ ಹೋದವರು ಅವರು. ಅಂಥವರು ಬೆರಳೆತ್ತಿದರೆ ನಾನು ಹಾರುತ್ತಿದ್ದೆ. ಕೇಳುತ್ತಿರಲಿಲ್ಲ.

ಕೊನೆಯ ದಿನದ್ದೇ ದೊಡ್ಡ ಹಾರಾಟ. ಮುದುಕ ಕೊಲ್ಲು ಎನ್ನುತ್ತಾನೆ, ರಾತ್ನಿ ಚಾಕು ಕೆಳಗೆ ಬಿಟ್ಟು, ನಲವತ್ತು ಅಡಿ ಎತ್ತರದ ರ‍್ಯಾಕಿನಿಂದ ಬೆನ್ನು ಕೆಳಗಾಗಿ ಬೀಳುತ್ತಾಳೆ. ಬೆಳಿಗ್ಗೆ ಮೂಟೆ ಮೂರು ಸಲ ಬಿದ್ದು ಎಲ್ಲವೂ ಸಿದ್ಧವಾಗಿತ್ತು. ಹತ್ತೂವರೆಗೆ ಗುರು ಕ್ಯಾಮೆರಾ ಆಚೆ ಬದಿಗೆ ಬೇಕು ಎಂದರು. ಅಂದರೆ ಹಗ್ಗವನ್ನು ಬೇರೆ ತೊಲೆಗೆ ಕಟ್ಟಬೇಕು.

"ಹೊಸ ತೊಲೆಗೆ ಟೆಸ್ಟ್ ಬೇಕು. ಒಂದೂವರೆ ಗಂಟೆ," ಎಂದ ಅಡಿವೆಪ್ಪ ಇಂಗ್ಲಿಷಿನಲ್ಲಿ.

"ಹನ್ನೆರಡಕ್ಕೆ ಮಾಲೀಕರ ಲಾರಿಗಳು ಬರುತ್ತವೆ, ಅಷ್ಟರಲ್ಲಿ ಜಾಗ ಬಿಡಬೇಕು. ಕಟ್ಟು."

"ಟೆಸ್ಟ್ ಮಾಡದೆ ನಾನು ಕಟ್ಟುವುದಿಲ್ಲ."

"ಹಾಗಾದರೆ ಮನೆಗೆ ಹೋಗು. ಟೋನಿ ಕಟ್ಟುತ್ತಾನೆ."

ಅಡಿವೆಪ್ಪನ ಕೈಕೆಳಗಿನ ಟೋನಿ, ಅರವತ್ತರ ಮನುಷ್ಯ, ತನ್ನ ಬೂಟು ನೋಡಿಕೊಂಡ. ಗುರು ನನ್ನ ಕಡೆ ತಿರುಗಿ ಬೆರಳೆತ್ತಿದರು. "ಕೀರ್ತಿ. ಮೇಲೆ."

ನನ್ನ ಕಾಲು ಏಣಿಯ ಕಡೆ ತಾನೇ ನಡೆಯಿತು. ಏಣಿಯ ಬುಡದಲ್ಲಿ ಅಡಿವೆಪ್ಪ ಗ್ಲೌಸ್ ಬಿಚ್ಚಿ ನಿಂತಿದ್ದ.

"ಹೋಗ್ಬೇಡ ಅಂತ ಹೇಳಿ," ಎಂದೆ.

"ಹೇಳಂಗಿಲ್ರಿ."

"ಯಾಕೆ?"

"ಅವ್ರು ಹಾರು ಅಂದ್ರ ಹಾರ್ತೀರಿ, ನಾ ಬ್ಯಾಡ ಅಂದ್ರ ಬಿಡ್ತೀರಿ. ಹಂಗಾದ್ರ ನಂಗೂ ಅವ್ರಿಗೂ ಏನ್ರೀ ಫರಕು?"

"ಲೆಕ್ಚರ್ ಕೊಡೋ ಟೈಮಾ ಇದು?"

"ಆ ತೊಲಿ ತಡೀತೈತೋ ಇಲ್ಲೋ ನಂಗ ಗೊತ್ತಿಲ್ಲ. ಗೊತ್ತಿರೂದು ಅಷ್ಟ." ಅವನ ದನಿ ಸಣ್ಣಗಾಯಿತು. "ನಿಮ್ಮ ಮ್ಯಾಲೆ ಜೀವ ಇಟ್ಕೊಂಡೀನಿ. ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ."

ಹೇಳುವುದನ್ನು ಹೇಳಿ, ಲೆಕ್ಕಕ್ಕೆ ಹಿಡಿಯಬೇಡಿ ಅಂತೆ! ಒದ್ದುಬಿಡೋಣ ಅನ್ನಿಸಿತು. ಅಪ್ಪಿಕೊಳ್ಳೋಣ ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಏಣಿ ಹತ್ತಿದೆ.

ಮೇಲಿಂದ ಗುರು ಚಿಕ್ಕವರಾಗಿ ಕಂಡರು. ಬೆರಳು ಎತ್ತಿಯೇ ಇತ್ತು. ಬೆಳಗಿನ ಹಿಮದಲ್ಲಿ ಸಲಿಕೆ ಹಿಡಿದು ಬಗ್ಗಿದ್ದ ಅವರ ಬೆನ್ನು ಕಣ್ಣ ಮುಂದೆ ಬಂತು. ಅವರನ್ನು ನಾನು ಪ್ರೀತಿಸುತ್ತೇನೆ. ಈಗಲೂ. ಆದರೆ ನನ್ನ ಬೆನ್ನುಮೂಳೆ ಆ ಋಣಕ್ಕೆ ಕೊಡುವ ವಸ್ತುವಲ್ಲ ಎಂದು ಅಲ್ಲಿ ನಿಂತಾಗ ನಿಚ್ಚಳವಾಗಿ ತಿಳಿಯಿತು.

"ನೋ, ಗುರು," ಎಂದೆ. "ಟೆಸ್ಟ್ ಆಗಲಿ, ಆಮೇಲೆ ಹಾರುತ್ತೇನೆ."

"ಕೀರ್ತಿ."

"ನೋ."

ಇನ್ನೊಂದು ಮಾತಿಗೆ ಅವಕಾಶ ಕೊಡದೆ ರ‍್ಯಾಕಿನ ಅಂಚಿನಲ್ಲಿ ಕೂತುಬಿಟ್ಟೆ. ಕೆಳಗೆ ನಲವತ್ತು ಜನ ತಲೆ ಎತ್ತಿ ನೋಡುತ್ತಿದ್ದರು. ಮೊದಲು ಅಲ್ಲಾಡಿದವನು ಟೋನಿ. ಹೋಗಿ ಮರಳಿನ ಮೂಟೆಯನ್ನು ಹೆಗಲಿಗೇರಿಸಿಕೊಂಡು ಬಂದ. ಅಡಿವೆಪ್ಪ ಗ್ಲೌಸ್ ಹಾಕಿಕೊಂಡು ಹಗ್ಗವನ್ನು ಹೊಸ ತೊಲೆಗೆ ಕಟ್ಟಿದ.

ಮೂಟೆ ಮೂರು ಸಲ ಬಿತ್ತು. ಮೂರೂ ಸಲ ತೊಲೆ ಗಟ್ಟಿಯಾಗಿ ನಿಂತಿತು. ಹೊರಗೆ ಲಾರಿಗಳ ಹಾರನ್ ಶುರುವಾಗಿತ್ತು.

"ನೋಡಿದೆಯಾ?" ಎಂದರು ಗುರು. "ಏನೂ ಆಗುತ್ತಿರಲಿಲ್ಲ."

"ಈಗ ಗೊತ್ತಾಯಿತು, ಸರ್," ಎಂದ ಅಡಿವೆಪ್ಪ. "ಆಗ ಗೊತ್ತಿರಲಿಲ್ಲ."

ನಾನು ಎದ್ದು, ಚಾಕು ಬಿಟ್ಟು, ತೋಳು ಚಾಚಿ ಹಿಂದಕ್ಕೆ ಬಿದ್ದೆ. ಎಷ್ಟೋ ಸಲ ಬಿದ್ದಿದ್ದೇನೆ, ಅಷ್ಟು ಹಗುರಾಗಿ ಯಾವತ್ತೂ ಬಿದ್ದಿರಲಿಲ್ಲ. ಒಂದೇ ಟೇಕಿಗೆ ಓಕೆ ಆಯಿತು. ಜನ ಚಪ್ಪಾಳೆ ತಟ್ಟಿದರು.

ಗುರು ಬಂದು ನನ್ನ ಕಾಲರ್ ಸರಿಮಾಡಿದರು. "ಚೆನ್ನಾಗಿ ಬಿದ್ದೆ," ಎಂದರು. ಆಮೇಲೆ, ಅಷ್ಟೇ ಮೆತ್ತಗೆ, "ಇನ್ನು ಮೇಲೆ ಕ್ಲಾಸಿಗೆ ಬರಬೇಡ."

ಕಾಲಿಗೆ ಬೀಳಬಹುದಿತ್ತು. ತಪ್ಪಾಯಿತು ಎನ್ನಬಹುದಿತ್ತು. ತಪ್ಪಾಗಿರಲಿಲ್ಲ, ಅದಕ್ಕೇ ಎನ್ನಲಿಲ್ಲ. ಅವರು ಹೋಗುವುದನ್ನು ನೋಡುತ್ತಾ ನಿಂತೆ.

ಪಾರ್ಕಿಂಗ್ ಲಾಟಿನಲ್ಲಿ ಅಡಿವೆಪ್ಪನ ಟ್ರಕ್ಕಿಗೆ ಒರಗಿ ಜೋರಾಗಿ ಅತ್ತೆ. ಅವನು ಪಕ್ಕದಲ್ಲಿ ನಿಂತ. ಅಳು ಮುಗಿಯುವವರೆಗೆ ಕಾದ.

"ನೀವು ಹೇಳಿದ್ದನ್ನ ನಾನು ಲೆಕ್ಕಕ್ಕೆ ಹಿಡಿದಿದೀನಿ," ಎಂದೆ ಮೂಗೊರೆಸಿಕೊಂಡು.

"ಬ್ಯಾಡ ಅಂದಿದ್ನಲ್ರಿ."

"ಇಷ್ಟಾದ್ಮೇಲೂ ಹೇಳಿದ ಹಾಗೆ ಕೇಳ್ತೀನಿ ಅಂದ್ಕೊಂಡ್ರಾ?"

ಅವನಿಗೆ ನಗು ಬಂತು, ನನಗೂ ಬಂತು.

"ನನಗೂ ನಿಮ್ಮ ಮೇಲೆ ಜೀವ. ನಾಚಿಕೆಪಡೋಕೆ ನನಗೆ ಬರಲ್ಲ, ಅದಕ್ಕೆ ನೇರವಾಗಿ ಹೇಳ್ತಿದೀನಿ. ಆದರೆ ಇನ್ಮೇಲೆ ಯಾರ ಮಾತಿಗೂ ನಾನು ಹಾರಲ್ಲ ಅಡಿವೆಪ್ಪ. ನಿಮ್ಮ ಮಾತಿಗೂ ಹಾರಲ್ಲ."

"ಹಾರಬ್ಯಾಡ್ರಿ," ಎಂದ. ಟ್ರಕ್ಕಿಗೆ ಒರಗಿ, ಪಕ್ಕದಲ್ಲಿ ಜಾಗ ಬಿಟ್ಟ. "ಸುಮ್ನ ನೆಲದ ಮ್ಯಾಲೆ ನಿಂದರ್ರಿ. ಮನಸಿದ್ರ, ನನ್ನ ಬಾಜೂಕ."

ಮನಸ್ಸಿತ್ತು. ಹೋಗಿ ನಿಂತೆ.