ಸಿಪ್ಪೆಗುಂಡಿಗೆ ಇಳಿಸಿದ ಲಾಟೀನು

ಪಂಪು ಕೆಡದಿದ್ದರೂ ರಿಪೇರಿಗೆ ಬರುವ ಮೆಕ್ಯಾನಿಕ್ ಅಂದರೆ ಬಾಳ್ಳುಪೇಟೆಯ ಸಿದ್ದು ಒಬ್ಬನೇ. ಯಾಕೆ ಬರುತ್ತಾನೆ ಅಂತ ಚಂದ್ರಿಕಾಗೆ ಗೊತ್ತಿಲ್ಲವೇ? ಅವಳು ಹೈಸ್ಕೂಲಿನ ವಿಜ್ಞಾನದ ಟೀಚರ್. ಅಪ್ಪ ಶಿವಯ್ಯ ಹೆತ್ತೂರು ಕಡೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಅಪ್ಪನಿಗೆ ಬುತ್ತಿ ತರುವ ನೆಪ ಅವಳದು, ಪಂಪಿನ ನೆಪ ಅವನದು. ಎರಡು ಕೊಯ್ಲು ಕಳೆದು ತೊಂಬತ್ತೆಂಟನೇ ಇಸವಿ ಬಂದರೂ ಇಬ್ಬರೂ ಬಾಯಿಬಿಟ್ಟಿರಲಿಲ್ಲ.

ಈ ಸಲ ಮಾತ್ರ ಪಂಪು ನಿಜವಾಗಿಯೂ ಕೆಟ್ಟಿತ್ತು. ಕಾಫಿಹಣ್ಣಿನ ಸಿಪ್ಪೆ, ಹಣ್ಣು ತೊಳೆದ ಸಿಹಿನೀರು ಬೀಳುವ ಆಳದ ಗುಂಡಿಯಲ್ಲಿ ಪೈಪಿನ ಬಾಯಿ ಕಟ್ಟಿಕೊಂಡಿತ್ತು.

"ಟೀಚರಮ್ಮ, ಬುತ್ತೀಲಿ ಏನೈತೆ?" ಸಿದ್ದು ಏಣಿ ಇಳಿಬಿಡುತ್ತಾ ಓರೆಗಣ್ಣಲ್ಲಿ ನೋಡಿದ.

"ಅಕ್ಕಿರೊಟ್ಟಿ. ನಿಮಗಲ್ಲ, ಅಪ್ಪಂಗೆ."

"ಎರಡು ಜಾಸ್ತಿನೇ ಇರ್ತವೆ ಬಿಡಿ."

ಅವಳ ಕೆನ್ನೆ ಬಿಸಿಯಾಯಿತು. ಅಷ್ಟರಲ್ಲಿ ಅವನು ಗುಂಡಿಯ ಮೇಲಿನ ಟಾರ್ಪಾಲು ಎಳೆದ. ಹೆಂಡದಂಥ ಹುಳಿ ವಾಸನೆ ಮೂಗಿಗೆ ಬಡಿಯಿತು. ಚಂದ್ರಿಕಾ ಪಕ್ಕದಲ್ಲಿದ್ದ ಅಪ್ಪನತ್ತ ತಿರುಗಿದಳು.

"ಇದನ್ನ ಮುಚ್ಚಿ ಎಷ್ಟು ದಿನ ಆಯ್ತಪ್ಪಾ?"

"ನಾಕು ದಿನ. ಸಾಹುಕಾರ್ರ ನೆಂಟರಿಗೆ ವಾಸನೆ ಬತ್ತದಂತೆ. ಬೇಗ ಇಳಿಯಪ್ಪಾ ಸಿದ್ದು, ನೀರೆಲ್ಲಾ ಹಳ್ಳಕ್ಕೆ ಹರೀತೈತೆ," ಎಂದರು ಶಿವಯ್ಯ.

ಗುರುವಾರವಷ್ಟೇ ಅವಳು ಮಾಡಿದ್ದ ಪಾಠ ಇದು. ಸಕ್ಕರೆ ನೀರಿನ ಬಾಟಲಿಗೆ ಈಸ್ಟು ಹಾಕಿ, ಮೇಲೆದ್ದ ಗಾಳಿಗೆ ಕಡ್ಡಿ ಗೀರಿ ಹಿಡಿದರೆ ಪಕ್ಕನೆ ಆರಿತ್ತು.

"ಇಳೀಬೇಡಿ! ಸಿಪ್ಪೇಲಿರೋ ಈಸ್ಟಿನ ಜೀವಕೋಶಗಳು ಆಮ್ಲಜನಕ ಇಲ್ಲದೆನೂ ಸಕ್ಕರೆ ಮುರಿದು ಬದುಕ್ತವೆ. ಅವು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಭಾರ, ತಳದಲ್ಲೇ ಕೂತಿರುತ್ತೆ. ನಮ್ಮ ಮಿದುಳಿಗೆ ಆ ವಿದ್ಯೆ ಬರಲ್ಲ ಕಣ್ರೀ. ಆಮ್ಲಜನಕ ಸಿಗದಿದ್ರೆ ಸಕ್ಕರೆ ಎಷ್ಟಿದ್ರೂ ಶಕ್ತಿ ಸಾಲಲ್ಲ!"

"ಭಾನುವಾರನೂ ಪಾಠನಾ?" ಸಿದ್ದು ನಕ್ಕ.

ಅವಳು ಸ್ಟೋರಿಗೆ ಓಡಿ ಲಾಟೀನು ತಂದಳು. ಹಚ್ಚಿ, ಹಗ್ಗ ಕಟ್ಟಿ ಗುಂಡಿಗೆ ಇಳಿಸಿದಳು. ಮೊಳದಷ್ಟು ಇಳಿಯುವಷ್ಟರಲ್ಲೇ ದೀಪ ಕುಗ್ಗಿತು, ಆರಿತು.

"ಹಗ್ಗ ಅಲ್ಲಾಡಿ ಆರೈತೆ ಕಣ್ರೀ. ಹೋದ್ವರ್ಷ ನಾನೇ ಇಳಿದಿರ್ಲಿಲ್ವಾ?"

"ಹೋದ್ವರ್ಷ ಗುಂಡಿ ಮುಚ್ಚಿರಲಿಲ್ಲ!"

"ಎರಡೇ ನಿಮಿಷ. ಉಸಿರು ಬಿಗಿ ಹಿಡ್ಕತೀನಿ." ಅವನು ಏಣಿ ಹಿಡಿದು ಇಳಿದೇಬಿಟ್ಟ. ಸೊಂಟ ಮರೆಯಾಯಿತು, ಎದೆ ಮರೆಯಾಯಿತು, ತಲೆಯೂ ಕೆಳಗಾಯಿತು.

"ಸಿದ್ದೂ!" ಚಂದ್ರಿಕಾ ಕಿರುಚಿದಳು. "ನೀನು ಇಳಿದ್ರೆ ಹಿಂದೇನೇ ನಾನೂ ಇಳೀತೀನಿ! ನೀನಿಲ್ದೆ ನಂಗೆ ಬದುಕಕ್ಕಾಗಲ್ಲ ಕಣೋ!" ಕಾಲನ್ನು ಏಣಿಯ ಮೇಲೆ ಇಟ್ಟೇಬಿಟ್ಟಳು.

ಅವನು ತಟ್ಟನೆ ನಿಂತು ಮೇಲೆ ನೋಡಿದ. ಮಾತಾಡಲು ಬಾಯಿ ತೆರೆದ, ಉಸಿರೆಳೆದ. ಮುಖದ ಬಣ್ಣ ಇಳಿಯಿತು.

"ತಲೆ... ತಿರುಗ್ತೈತೆ..."

ಅವನ ಕೈ ಜಾರುವುದರೊಳಗೆ ಅವಳು ಕಾಲು ಹಿಂದಕ್ಕೆಳೆದು, ಬೋರಲು ಬಿದ್ದು ಅವನ ಎಡಗೈ ಮಣಿಕಟ್ಟು ಹಿಡಿದಳು. ಶಿವಯ್ಯ ಅವನ ಅಂಗಿಯ ಕಾಲರಿಗೆ ಕೈಹಾಕಿ, "ಅಯ್ಯೋ ಶಿವನೇ!" ಅನ್ನುತ್ತಾ ಜಗ್ಗಿದರು. ಅಪ್ಪ ಮಗಳು ಸೇರಿ ಅವನನ್ನು ಅಂಗಳಕ್ಕೆ ಎಳೆದು ಹಾಕಿದರು.

ಸುಮಾರು ಹೊತ್ತು ಸಿದ್ದು ಕೆಮ್ಮಿದ. ತುಟಿಗೆ ಕೆಂಪು ಮರಳಿದ ಮೇಲೆ ಮೆಲ್ಲಗೆ ಕೇಳಿದ, "ಟೀಚರಮ್ಮ, ಆಗ ಕೂಗಿದ್ರಲ್ಲ... ನಿಜವಾ?"

ಅಪ್ಪ ಪಕ್ಕದಲ್ಲೇ ಇದ್ದಾರೆಂಬುದು ಆಗ ನೆನಪಾಗಿ ಅವಳಿಗೆ ನೆಲ ನುಂಗಿದಂತಾಯಿತು. ಆದರೂ ತಲೆಯಾಡಿಸಿದಳು.

ಶಿವಯ್ಯ ಗುಂಡಿಯನ್ನು ನೋಡಿದರು, ಮಗಳನ್ನು ನೋಡಿದರು. ಬುತ್ತಿ ಬಿಚ್ಚಿದರು.

"ನಂಗೆ ಎರಡು ಸಾಕು ಅಂತ ಎರಡು ವರ್ಷದಿಂದ ಬಡ್ಕತಿದೀನಿ. ಇವಳು ನಾಕು ತರೋದು ಯಾಕೆ ಅಂತ ಇವತ್ತು ಗೊತ್ತಾಯ್ತು." ಎರಡು ರೊಟ್ಟಿ ತೆಗೆದು ಸಿದ್ದುವಿನತ್ತ ಚಾಚಿದರು. "ತಿನ್ನಪ್ಪಾ. ಬರೋ ಭಾನುವಾರ ನಿಮ್ಮಮ್ಮನ್ನ ಕರ್ಕೊಂಡು ಮನೆಗೇ ಬಾ."

ಸಿದ್ದು ಬಲಗೈಯಲ್ಲಿ ರೊಟ್ಟಿ ಮುರಿದ. ಎಡಗೈಯನ್ನು ಚಂದ್ರಿಕಾ ಇನ್ನೂ ಬಿಟ್ಟಿರಲಿಲ್ಲ.