ಸಿಪಾಯಿ ಖೀಮ್ ಸಿಂಗನ ಸಾಕ್ಷಿ

2015ರ ನವೆಂಬರ್ 17, ಮಂಗಳವಾರ. ಬೆಳಿಗ್ಗೆ ಒಂಬತ್ತೂವರೆಗೆ ಅಲ್ಮೋಡಾ ಜಿಲ್ಲೆಯ ಬಿನೌಲಿ ಠಾಣೆಗೆ ಪುಷ್ಪಾ ಖನಾಯತ್ ಎಂಬ ಹೆಂಗಸು ಬಂದು, ಮಾವ ಕಾಣೆಯಾಗಿದ್ದಾರೆಂದು ದೂರು ಕೊಟ್ಟಳು. ಮಾವ ಮಾಧೋ ಸಿಂಗ್ ಖನಾಯತ್, ವಯಸ್ಸು ಅರವತ್ತೆಂಟು, ಸುಬೇದಾರರಾಗಿ ಸೇನೆಯಿಂದ ನಿವೃತ್ತರಾದವರು. ಭಾನುವಾರ ಕ್ಷೌರಕ್ಕೆಂದು ಪೇಟೆಗೆ ಹೋದವರು ಮರಳಿರಲಿಲ್ಲ.

ಇನ್‌ಸ್ಪೆಕ್ಟರ್ ಹೇಮಾ ರೌತೇಲಾ ಎದುರಿನ ಕುರ್ಚಿ ತೋರಿಸಿದರು.

"ಮನೇಲಿ ಜಗಳ ಏನಾದ್ರೂ?"

"ಜಗಳ ಆಡೋಕೆ ಮಾತಾಡ್ಬೇಕಲ್ಲ ಮೇಡಂ. ಮಾವ ಮಾತೇ ಆಡಲ್ಲ."

"ಕುಡಿತ?"

"ರಾತ್ರಿ ಎರಡು ಮುಚ್ಚಳ ರಮ್ಮು. ಅಳತೆ ಮೀರಿದ್ದು ನಾನು ನೋಡಿಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಫೌಜಿ ಮುದುಕನ್ನ ತಗೊಂಡು ಹೋಗಿ ಯಾರೇನು ಮಾಡ್ತಾರೆ?"

ದೂರು ದಾಖಲಾಯಿತು. ಹೇಮಾ ಕಾನ್ಸ್‌ಟೇಬಲ್ ಪೂರನ್ ಕಾರ್ಕಿಯೊಂದಿಗೆ ಮೊದಲು ಕ್ಷೌರದಂಗಡಿಗೆ ಹೋದರು.

"ಗಡ್ಡ ಮುಗಿದಿತ್ತು, ಮೀಸೆ ತಿದ್ದೋದು ಬಾಕಿ," ಅಂದ ಕ್ಷೌರಿಕ. "ಒಬ್ಬ ಹೆಂಗಸು ಬಾಗಿಲಲ್ಲಿ ಬಂದು ನಿಂತ್ಲು. ಸುಬೇದಾರ್ ಸಾಹೇಬ್ರು ಕನ್ನಡೀಲೇ ಅವಳನ್ನ ನೋಡಿದ್ರು. ಸಾಕು ಬಿಡು ಅಂದ್ರು."

"ಅವಳು ಏನಂದ್ಲು?"

"ಅವರು ಉಳಿಯೋ ಹಾಗಿಲ್ಲ, ನಿಮ್ಮನ್ನ ಕೇಳ್ತಿದಾರೆ ಅಂದ್ಲು. ಇವರು ಎದ್ದು ಹೋದ್ರು. ಯಾರು ಉಳಿಯೋ ಹಾಗಿಲ್ಲ ಅಂತ ಕೇಳಲೇ ಇಲ್ಲ."

ಜೀಪ್ ನಿಲ್ದಾಣದಲ್ಲಿ ಮೂರನೆಯ ಚಾಲಕನಿಗೆ ನೆನಪಿತ್ತು. ಇಬ್ಬರನ್ನೂ ಪಟಖೇತ್ ತಿರುವಿನಲ್ಲಿ ಇಳಿಸಿದ್ದೆ ಎಂದ.

"ಹೆಂಗಸು ಯಾರು?"

"ಬಚುಲಿ ದೇವಿ. ಜಾರಿದ ಬೋರಾನ ಹೆಂಡತಿ."

"ಜಾರಿದ ಬೋರಾ?"

"ಖೀಮ್ ಸಿಂಗ್ ಬೋರಾ, ಸಿಪಾಯಿ ಆಗಿದ್ದವನು. ಗಡೀಲಿ ಉಳಿದವರು ಗುಂಡು ತಿಂದು ಬಂದ್ರು, ಇವನು ಕಾಲು ಜಾರಿ ಬಂದ." ಚಾಲಕ ನಕ್ಕ. ಇನ್‌ಸ್ಪೆಕ್ಟರ್ ನಗಲಿಲ್ಲವೆಂದು ಕಂಡು ಜೀಪಿನ ಗಾಜು ಒರೆಸತೊಡಗಿದ.

ಮಧ್ಯಾಹ್ನದ ಹೊತ್ತಿಗೆ ಅವರು ಪಟಖೇತ್ ತಲುಪಿದರು. ಮೇಲೆ ವಾಸದ ಮನೆ, ಅದರ ಅಡಿಯಲ್ಲೇ ದನದ ಕೋಣೆ, ಮುಂದೆ ಚಪ್ಪಡಿ ಹಾಸಿದ ಅಂಗಳ. ಐವತ್ತೆಂಟರ ಬಚುಲಿ ದೇವಿ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಪೊಲೀಸರನ್ನು ನೋಡಿಯೂ ಏಳಲಿಲ್ಲ.

"ಸುಬೇದಾರ್ ಸಾಹೇಬ್ರು ಬಂದಿದ್ರಾ ಆಮಾ?" ಕಾರ್ಕಿ ಕೇಳಿದ.

"ಬಂದಿದ್ರು. ಇವರನ್ನ ನೋಡಿದ್ರು. ಹೋದ್ರು."

"ಯಾವ ಕಡೆ?"

"ರಸ್ತೆ ಕಡೆ."

ಕಾರ್ಕಿ ಅದನ್ನು ಬರೆದುಕೊಂಡ. ಖೀಮ್ ಸಿಂಗ್ ಅಂಗಳದ ಮೂಲೆಯಲ್ಲಿ, ಬಿಸಿಲಿಗೆ ಮುಖ ಮಾಡಿ ಕುಳಿತಿದ್ದ. ತಲೆಯ ಎಡಭಾಗ ತಗ್ಗಾಗಿತ್ತು. ಸೊಂಟದ ಕೆಳಗೆ ಕಂಬಳಿ. ಅವನನ್ನು ಯಾರೂ ಏನೂ ಕೇಳುವ ರೂಢಿ ಆ ಊರಲ್ಲಿ ಇದ್ದಂತಿರಲಿಲ್ಲ. ಹೇಮಾ ಅವನೆದುರು ಕುಕ್ಕರಗಾಲಲ್ಲಿ ಕೂತರು.

"ಮಾಧೋ ಸಿಂಗ್ ಖನಾಯತ್ ಎಲ್ಲಿದಾರೆ?"

ಅವನು ಬಿಸಿಲಿನಿಂದ ಮುಖ ಇತ್ತ ತಿರುಗಿಸಿದ.

"ಹವಾಲ್ದಾರ್ ಸಾಹೇಬ್ರು ಕೆಳಗಿದಾರೆ," ಅಂದ. "ಊಟ ಆಯ್ತು."

ಬಚುಲಿಯ ಕೈ ಮೆಣಸಿನಕಾಯಿಯ ಮೇಲೇ ನಿಂತಿತು. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದು, ಕೇಳುವ ಮೊದಲೇ ಕೊಟ್ಟಳು.

ಪಕ್ಕದ ಮನೆಯ ಇಬ್ಬರು ಪಂಚರ ಸಮಕ್ಷಮ ದನದ ಕೋಣೆಯ ಬೀಗ ತೆಗೆದರು. ಪಂಚನಾಮೆಯಲ್ಲಿ ಬರೆದದ್ದು ಇಷ್ಟು: ನೆಲಕ್ಕೆ ಹೊಸ ಹುಲ್ಲು, ಒಂದು ಮಂಚ, ಎರಡು ರಜಾಯಿ, ಕೆಂಡದ ಬಾಂಡಲಿ, ಹುರುಳಿ ಕಟ್ಟು ಉಂಡ ತಟ್ಟೆ. ಮಾಧೋ ಸಿಂಗ್ ಮಂಚದ ಮೇಲೆ ಕೂತಿದ್ದರು. ಮೈಮೇಲೆ ಗಾಯಗಳಿರಲಿಲ್ಲ.

"ಹೊಡೆದ್ರಾ?"

"ಇಲ್ಲ."

"ಏನಾದ್ರೂ ಕೇಳಿದ್ರಾ?"

"ಏನೂ ಕೇಳ್ಲಿಲ್ಲ. ಸಂಜೆಯಾದ್ರೆ ಖೀಮ್ ಸಿಂಗನನ್ನ ಕರ್ಕೊಂಡು ಬಂದು ಬಾಗಿಲ ಹೊರಗೆ ಕೂರಿಸ್ತಿದ್ರು. ಅಷ್ಟೇ."

ಬಚುಲಿಯನ್ನು ಅಂಗಳದಲ್ಲೇ ವಿಚಾರಿಸಲಾಯಿತು. ಅವಳು ಏನನ್ನೂ ಮುಚ್ಚಲಿಲ್ಲ. 1986ರ ಚಳಿಗಾಲದಲ್ಲಿ ಗಡಿಯ ಕಾವಲುಠಾಣೆಯ ಮೇಲೆ ಶತ್ರುವಿನ ಫಿರಂಗಿ ಶೆಲ್ ಬಿತ್ತು, ಅದರ ಹೊಡೆತಕ್ಕೆ ಗಂಡ ಕಣಿವೆಗೆ ಉರುಳಿದ ಎಂದಳು. ಸೇವಾ ದಾಖಲೆಯಲ್ಲಿ 'ಕಾಲು ಜಾರಿ ಬಿದ್ದು' ಎಂದಿತ್ತು. ಹಾಗೆ ಬರೆಸಿದವರು ಆಗ ಅವನ ಹವಾಲ್ದಾರ್ ಆಗಿದ್ದ ಮಾಧೋ ಸಿಂಗ್. ಶತ್ರುವಿನಿಂದ ಗಾಯಗೊಂಡವರಿಗೆ ಸಿಗುವ ಪದಕವಾಗಲಿ, ಆ ಗಡಿಯಲ್ಲಿ ಸೇವೆ ಮಾಡಿದ್ದಕ್ಕೆ ಸಿಗಬೇಕಿದ್ದ ಪದಕವಾಗಲಿ ದಾಖಲೆಗೆ ಏರಲಿಲ್ಲ. ಅವಳು ಬರೆಸಿದ ಅರ್ಜಿಗಳಿಗೆಲ್ಲ ಸೇನೆಯ ದಾಖಲೆ ಕಚೇರಿಯಿಂದ ಒಂದೇ ಉತ್ತರ: ಕಣ್ಣಾರೆ ಕಂಡವರ ಪ್ರಮಾಣಿತ ಹೇಳಿಕೆ ತನ್ನಿ.

"ಶೆಲ್ ಬಿದ್ದದ್ದು ನಿಮಗೆ ಹೇಗೆ ಗೊತ್ತು?"

"ಇವರು ನಿದ್ದೇಲಿ ಹೇಳ್ತಾರೆ. ನಿದ್ದೇಲಿ ಹೇಳಿದ್ದು ಸಾಕ್ಷಿ ಆಗಲ್ವಂತೆ."

"ಖನಾಯತರನ್ನ ಮೊದಲೇ ಕೇಳಬಹುದಿತ್ತಲ್ಲ."

"ಹೋಳಿ ಹಬ್ಬಕ್ಕೆ ಹೋಗಿ ಕೇಳ್ದೆ. ದೀಪಾವಳಿಗೆ ಹೋಗಿ ಕೇಳ್ದೆ. ಹೆಜ್ಜೆ ಸಪ್ಪಳ ಕೇಳಿದ್ರೆ ಹಿತ್ತಲ ಬಾಗಿಲಿಂದ ಎದ್ದು ಹೋಗ್ತಿದ್ರು. ಅದಕ್ಕೆ ಎದ್ದು ಹೋಗೋಕಾಗದ ಕಡೆ ಕೂರಿಸಿದೆ."

ಜೀಪಿನ ಬಳಿ ಮಾಧೋ ಸಿಂಗ್ ಇನ್‌ಸ್ಪೆಕ್ಟರನ್ನು ಪಕ್ಕಕ್ಕೆ ಕರೆದರು.

"ನಾನು ಮನಸಾರೆ ಬಂದು ಉಳ್ಕೊಂಡೆ ಅಂತ ಬರ್ಕೊಳ್ಳಿ. ಹಳೇ ದೋಸ್ತನ ಮನೆ. ಅತ್ತಿಗೆ ಒಳಗೆ ದನ ಇದೆ ಅಂತ ಬೀಗ ಹಾಕಿದ್ರು, ಮರೆತ್ರು. ಕೇಸು ಬೇಡ."

"ಅವರು ಹೇಳಿದ್ದು ನಿಜವಾ?"

ಮಾಧೋ ಸಿಂಗ್ ಬೆಟ್ಟದ ಕಡೆ ನೋಡಿದರು. "ಕೇಸು ಬೇಡ ಅಂದೆನಲ್ಲ."

ಹೇಮಾ ಅಂಗಳಕ್ಕೆ ಹಿಂತಿರುಗಿ, ಹಾಗೆ ಹೇಳಬೇಕೋ ಬೇಡವೋ ಎಂದು ಯೋಚಿಸದೆ, ಇದ್ದದ್ದನ್ನು ಇದ್ದಂತೆ ಬಚುಲಿಗೆ ಹೇಳಿದರು. ಮನಸಾರೆ ಬಂದು ಉಳಿದೆ ಎಂದು ಸುಬೇದಾರರು ಹೇಳಿಕೆ ಕೊಟ್ಟರೆ ಮೊಕದ್ದಮೆಯೇ ಆಗುವುದಿಲ್ಲ, ನೀವು ಮನೆಯಲ್ಲೇ ಇರಬಹುದು.

ಬಚುಲಿ ಕೈಗೆ ಹತ್ತಿದ ಮೆಣಸಿನ ಬೀಜ ಕೊಡವಿಕೊಂಡಳು.

"ಕೇಸು ಆದ್ರೆ ಅವರನ್ನ ಕೋರ್ಟಲ್ಲಿ ಕೇಳ್ತಾರಾ, ಇವಳು ಯಾಕೆ ಕೂಡಿ ಹಾಕಿದ್ಲು ಅಂತ?"

"ಪ್ರಮಾಣ ಮಾಡಿಸಿ ಕೇಳ್ತಾರೆ. ಅವರು ಕಾರಣ ಹೇಳಿದ್ರೆ ನಿಮ್ಮ ಮೇಲಿನ ಆರೋಪ ಇನ್ನೂ ಗಟ್ಟಿಯಾಗುತ್ತೆ."

"ಹಾಗಾದ್ರೆ ಕೇಸು ಹಾಕಿ."

"ಅವರು ಅಲ್ಲೂ ಸುಳ್ಳು ಹೇಳಬಹುದು ಆಮಾ."

"ಹೇಳ್ಲಿ. ಮೋಸದಿಂದ ಕರ್ಕೊಂಡು ಬಂದೆ, ಬೀಗ ಹಾಕಿದೆ, ಮರೆತಿರ್ಲಿಲ್ಲ. ಬರ್ಕೊಳ್ಳಿ."

ಮಧ್ಯಾಹ್ನ ಮೂರೂಕಾಲಕ್ಕೆ ಬಂಧನವಾಯಿತು. ಬಚುಲಿ ಮೇಲೆ ಹೋಗಿ ಸೀರೆ ಬದಲಿಸಿ, ಒಲೆ ಆರಿಸಿ ಬಂದಳು. ಜೀಪು ಹತ್ತುವ ಮುನ್ನ ಮಾಧೋ ಸಿಂಗರ ಮುಂದೆ ನಿಂತು ಒಂದು ಔಷಧಿಯ ಪೊಟ್ಟಣ ಅವರ ಕೈಗಿಟ್ಟಳು.

"ಇವರಿಗೆ ಬಿಳೀದು ಊಟಕ್ಕೆ ಮುಂಚೆ. ಹಳದಿ ಮಲಗೋವಾಗ. ರಾಗಿ ರೊಟ್ಟಿ ನೆನೆಸಿ ಕೊಡಬೇಕು, ಇಲ್ಲಾಂದ್ರೆ ಗಂಟಲಲ್ಲಿ ಸಿಕ್ಕುತ್ತೆ. ರಾತ್ರಿ ಎರಡು ಸಲ ಮಗ್ಗುಲು ಬದಲಿಸಿ."

"ಅತ್ತಿಗೆ, ನಾನು..."

"ಬೇರೆ ಯಾರೂ ಇಲ್ಲ ನಮಗೆ," ಅಂದಳು. ಸಿಟ್ಟೇನೂ ಇರಲಿಲ್ಲ.

ಮನೆಗೆ ಬನ್ನಿ ಎಂದು ಫೋನಿನಲ್ಲಿ ಕರೆದ ಪುಷ್ಪಾಗೆ ಮಾಧೋ ಸಿಂಗ್ ಎರಡು ದಿನ ಬಿಟ್ಟು ಬರುತ್ತೇನೆ ಎಂದರು. ಆ ಎರಡು ದಿನ ಆ ಮನೆಯಲ್ಲಿ ಏನು ನಡೆಯಿತೆಂಬುದು ಕಡತದಲ್ಲಿಲ್ಲ. ಬುಧವಾರ ಮಹಜರಿಗೆ ಸಹಿ ಹಾಕಿಸಲು ಹೋದ ಕಾರ್ಕಿ ಕಂಡದ್ದು, ಸುಬೇದಾರರು ಅಂಗಳದಲ್ಲಿ ಖೀಮ್ ಸಿಂಗನ ಗಡ್ಡ ಬೋಳಿಸುತ್ತಿದ್ದುದನ್ನು. ಖೀಮ್ ಸಿಂಗ್ ಗಲ್ಲ ಎತ್ತಿಕೊಟ್ಟು ಕಣ್ಣು ಮುಚ್ಚಿದ್ದ.

ಗುರುವಾರ ಮ್ಯಾಜಿಸ್ಟ್ರೇಟರ ಮುಂದೆ, ದಂಡ ಪ್ರಕ್ರಿಯಾ ಸಂಹಿತೆಯ 164ನೇ ಕಲಮಿನಡಿ, ಮಾಧೋ ಸಿಂಗ್ ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು. ಬಚುಲಿ ದೇವಿ ನನ್ನನ್ನು ಮೋಸದಿಂದ ಕರೆತಂದು ಬೀಗ ಹಾಕಿದ್ದು ನಿಜ ಎಂದರು. ಕಾರಣವೇನು ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಮಾಧೋ ಸಿಂಗ್ ಹೇಳಿದರು: ಆ ಗಡಿಯಲ್ಲಿ ಹಗಲು ಹೊತ್ತು ಯಾರೂ ಬಂಕರ್ ಬಿಡಬಾರದೆಂಬ ಆಜ್ಞೆ ಇತ್ತು. ಪಕ್ಕದ ಬಂಕರಿನಿಂದ ಬೀಡಿ ತರಲು ಖೀಮ್ ಸಿಂಗನನ್ನು ನಾನೇ ಕಳಿಸಿದೆ. ಅವನು ಮರಳುವಾಗ ಶೆಲ್ ಬಿತ್ತು. ಶೆಲ್ ಎಂದು ಬರೆಸಿದರೆ ಅವನನ್ನು ಹೊರಗೆ ಕಳಿಸಿದ್ದು ಯಾರೆಂದು ವಿಚಾರಣೆಯಾಗುತ್ತಿತ್ತು. ಜಾರಿದ ಎಂದು ಬರೆಸಿದೆ. ಮುಂದಿನ ವರ್ಷ ನನಗೆ ಬಡ್ತಿಯಾಯಿತು.

ಓದಿ ಹೇಳಿದ ಮೇಲೆ ಅವರು ಸಹಿ ಹಾಕಿದರು. ತಿದ್ದಬೇಕಾದ್ದು ಏನಾದರೂ ಇದೆಯೇ ಎಂದು ಕೇಳಿದಾಗ ಇಲ್ಲ ಎಂದರು.

ಬಚುಲಿಗೆ ಅದೇ ವಾರ ಜಾಮೀನು ಸಿಕ್ಕಿತು. ಹೇಳಿಕೆಯ ದೃಢೀಕೃತ ಪ್ರತಿಯನ್ನು ಅವಳ ಪರವಾಗಿ ಕೋರ್ಟಿನಿಂದ ಪಡೆದು ದಾಖಲೆ ಕಚೇರಿಗೆ ಕಳಿಸಿದ್ದು ಕಾರ್ಕಿ. ದೋಷಾರೋಪ ಪಟ್ಟಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಹೇಮಾ ರೌತೇಲಾ ಹೀಗೆ ಬರೆದರು: 'ಗಂಡನ ಸೇವಾ ದಾಖಲೆಯನ್ನು ಸರಿಪಡಿಸಿಕೊಳ್ಳಲು.' ಮೇಲಧಿಕಾರಿ ಅದರ ಕೆಳಗೆ ಗೆರೆ ಎಳೆದು, ಇಷ್ಟೇನಾ ಎಂದು ಕೇಳಿದರು. ಇಷ್ಟೇ ಸರ್, ಎಂದರು ಹೇಮಾ.

ಮರುವರ್ಷ ಜುಲೈಯಲ್ಲಿ ತೀರ್ಪು ಬಂತು. ಬಚುಲಿ ತಪ್ಪೊಪ್ಪಿಕೊಂಡಿದ್ದಳು. ನ್ಯಾಯಾಲಯ ಏಳುವ ತನಕ ಸಜೆ. ಅಂದರೆ ಸಂಜೆಯವರೆಗೆ ಅಲ್ಲಿಯೇ ಕೂತಿರಬೇಕು. ಹೇಮಾ ಬೇರೆ ಮೊಕದ್ದಮೆಗೆಂದು ಬಂದವರು ಅವಳ ಬೆಂಚಿನ ತುದಿಯಲ್ಲಿ ಕೂತರು.

"ದಾಖಲೆ ಕಚೇರಿಯಿಂದ ಏನಾದ್ರೂ ಬಂತಾ?"

"ಹೋದ ತಿಂಗಳು ಬಂತು. ಎರಡೂ ಪದಕ ಏರಿಸಿದಾರೆ. ಪೆಟ್ಟಿಗೇಲಿ ಕಳಿಸಿದ್ರು."

"ಅವರಿಗೆ ಹಾಕಿದ್ರಾ?"

"ಸ್ವೆಟರಿಗೆ ಚುಚ್ಚಿದೆ. ಸಂಜೆವರೆಗೂ ಇತ್ತು. ಆಮೇಲೆ ಒಗೆಯೋಕೆ ತೆಗೆದೆ."

ಒಳಗೆ ಯಾರದೋ ಹೆಸರು ಕೂಗಿದರು. ವಕೀಲರೊಬ್ಬರು ಓಡಿದರು.

"ಈಗ ಹೇಗನ್ಸುತ್ತೆ ಆಮಾ?"

ಬಚುಲಿ ಎದುರಿನ ಗೋಡೆಯನ್ನು ನೋಡುತ್ತ ನಿಜವಾಗಿಯೂ ತನ್ನೊಳಗೆ ಹುಡುಕಿದಳು.

"ಏನೂ ಅನ್ಸ್ತಿಲ್ಲ," ಅಂದಳು. "ಏನಾದ್ರೂ ಅನ್ಸುತ್ತೆ ಅಂದ್ಕೊಂಡಿದ್ದೆ."